ಬಂದೂಕಿನ ಬಟ್ಟು

ಬಂದೂಕು ಎಂದೊಡನೆ ನೋಡುವವರ ದೃಷ್ಟಿ ನಳಿಗೆಯತ್ತ ಹೋಗುತ್ತದೆ. ಸಂಖ್ಯೆ ಕೆತ್ತಿರುವುದು ಲೋಹದ ಮೇಲೆ, ಪರವಾನಗಿ ಪುಸ್ತಕದಲ್ಲಿ ನಮೂದಾಗುವುದೂ ಅದೇ. ಹಿಂದಿರುವ ಮರವನ್ನು ಕೆಲವರು ಹಿಡಿ ಎನ್ನುತ್ತಾರೆ, ಎನ್‌ಸಿಸಿಯಲ್ಲಿ ಕಲಿತ ನಮ್ಮಂಥವರು ಬಟ್ಟು ಎನ್ನುತ್ತೇವೆ. ಆದರೆ ಭುಜಕ್ಕೆ ಆನಿಸುವುದು ಆ ಮರವನ್ನು, ಕೆನ್ನೆ ತಾಗುವುದು ಆ ಮರಕ್ಕೆ. ನಳಿಗೆ ಯಾರ ಕೈಯಲ್ಲಿದ್ದರೂ ಒಂದೇ. ಬಟ್ಟು ಮಾತ್ರ ಒಬ್ಬನಿಗೆ ಒಗ್ಗಿದ್ದು ಮತ್ತೊಬ್ಬನಿಗೆ ಒಗ್ಗದು. ಇಂಥ ಒಂದು ಮರದ ತುಂಡಿನ ವಿಷಯವಾಗಿ ಕಳೆದ ವರ್ಷ ನಮ್ಮ ಮನೆತನದಲ್ಲಿ ಮೂರು ತಿಂಗಳು ಚರ್ಚೆ ನಡೆಯಿತು. ಪರೇಡ್ ಮೈದಾನದಲ್ಲಿ ನನ್ನ ಖಾಕಿಯನ್ನು ಕಂಡ ಶಿಷ್ಯರಿಗೆ ಇದು ರುಚಿಸೀತೆಂದು ಬರೆಯುತ್ತಿದ್ದೇನೆ.

ನನ್ನ ತಮ್ಮನ ಹೊಲ ಹಾನಗಲ್ಲ ತಾಲ್ಲೂಕಿನ ಪಶ್ಚಿಮದ ಸೆರಗಿನಲ್ಲಿದೆ. ಅದರಾಚೆ ಮುಂಡಗೋಡದ ಕಾಡು. ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಇಳಿದರೆ ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ತಮ್ಮನ ಬಳಿ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕಿತ್ತು. ಅದಕ್ಕೆ ಪರವಾನಗಿ ಪಡೆದಾಗ ನಾವಿನ್ನೂ ಧಾರವಾಡ ಜಿಲ್ಲೆಯವರು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದರಿಂದ ಅವನು ಒಂದು ಪ್ರಾಣಿಯನ್ನೂ ಕೊಂದವನಲ್ಲ. 1972ರ ವನ್ಯಜೀವಿ ಕಾಯ್ದೆಯ ಭಯವೂ ಇತ್ತು, ಸ್ವಭಾವವೂ ಹಾಗಿತ್ತು. ರಾತ್ರಿ ಮಂಚಿಗೆಯ ಮೇಲಿಂದ ಆಕಾಶಕ್ಕೆ ಒಂದು ಈಡು ಹಾರಿಸಿದರೆ ಆ ದಿನದ ಕಾವಲು ಮುಗಿಯುತ್ತಿತ್ತು.

ಅವನು ತೀರಿಕೊಂಡ ಮೇಲೆ ನಿಯಮದಂತೆ ಬಂದೂಕನ್ನು ಠೇವಣಿ ಇಟ್ಟೆವು. ಮಗನ ಹೆಸರಿಗೆ ಪರವಾನಗಿಯಾಗಿ ಅದು ಮನೆಗೆ ಮರಳುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಬಲಗೈ ಹಿಡಿಯುವ ಸಣ್ಣ ಭಾಗದಲ್ಲಿ, ಅಂದರೆ ಬಟ್ಟಿನ ಕುತ್ತಿಗೆಯಲ್ಲಿ, ಕೂದಲೆಳೆಯಂಥ ಬಿರುಕು ಕಂಡಿತು. ಕಡಿದು ಎಷ್ಟು ವರ್ಷವಾದರೂ ಮರ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಇದರಲ್ಲಿ ಯಾರನ್ನೂ ದೂರುವಂತಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ತಮ್ಮ ಆರಡಿಯ ಆಳು, ಮಗ ತಾಯಿಯಂತೆ ಗಿಡ್ಡ. ಬಟ್ಟಿನ ತುದಿಯನ್ನು ಮೊಣಕೈಯ ಮಡಿಕೆಗೆ ಆನಿಸಿ ಬೆರಳು ಚಾಚಿದರೆ ಕುದುರೆಗೆ ತಲುಪುತ್ತಿರಲಿಲ್ಲ.

ತಮ್ಮನ ಹೆಂಡತಿಗೆ ಹೊಸ ಮರದ ಮಾತೇ ಬೇಡವಾಗಿತ್ತು. “ಭಾವನವರ, ಅವರ ಗಲ್ಲ ತಾಗಿ ತಾಗಿ ನುಣುಪಾದ ಕಟ್ಟಿಗಿ ಅದು. ಅಂಟು ಹಾಕಿಸಿ ಕೊಡ್ರಿ,” ಎಂದಳು. ಮಗನಿಗೆ ಮಾತ್ರ ಬೀಟೆ ಬೇಕು. ಕರಿಗೆಂಪು ಬಣ್ಣ, ಮೇಲೆ ಹೂಬಳ್ಳಿಯ ಕೆತ್ತನೆ, ಕನ್ನಡಿಯಂಥ ಹೊಳಪು. ಮೊಬೈಲಿನಲ್ಲಿ ಚಿತ್ರಗಳನ್ನೂ ತೋರಿಸಿದ. ತಾಯಿ ಮಗನ ನಡುವೆ ತೀರ್ಪು ಹೇಳುವ ಭಾರ ದೊಡ್ಡಪ್ಪನಾದ ನನ್ನ ಮೇಲೆ ಬಿತ್ತು.

ಹಾನಗಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಡಿಗತನ ಮಾಡುತ್ತಾನೆ. ಗಣಿತದಲ್ಲಿ ಹಿಂದಿದ್ದವನು, ಈಗ ಅವನ ಕೋನಮಾಪಕಕ್ಕೆ ನಾನೇ ತಲೆಬಾಗಬೇಕು. ಬಟ್ಟಿನ ಕುತ್ತಿಗೆಯನ್ನು ಅವನು ಮೆಲ್ಲಗೆ ಬಾಗಿಸಿದ. ಕೂದಲೆಳೆ ಬಾಯಿ ತೆರೆಯಿತು. ಒಳಗೆಲ್ಲ ಹಳೆಯ ಎಣ್ಣೆ ಇಳಿದು ಮರ ಕಪ್ಪಾಗಿತ್ತು. “ಎಣ್ಣಿ ಕುಡದ ಕಟ್ಟಿಗಿ ಅಂಟು ಹಿಡಿಯೂದಿಲ್ರಿ ಸರ್. ಕುರ್ಚಿ ಆಗಿದ್ರ ಹೆಂಗರ ನಡೀತಿತ್ತು. ಇದು ಒದಿತೈತಿ. ಮುರದ್ರ ಹುಡುಗನ ಮುಖದ ಹತ್ರನ ಮುರೀತೈತ್ರಿ.” ಈ ಮಾತು ಕೇಳಿದ ಮೇಲೆ ತಮ್ಮನ ಹೆಂಡತಿ ಅಂಟಿನ ವಿಚಾರ ಎತ್ತಲಿಲ್ಲ.

ಅವನು ಇನ್ನೊಂದು ವಿವೇಕದ ಮಾತನ್ನೂ ಹೇಳಿದ: ಬರಿಯ ಮರವಾದರೆ ನೋಡಿ ಹೇಳುತ್ತೇನೆ, ಬಂದೂಕಿಗೆ ಕೈ ಹಚ್ಚುವುದಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ದುರಸ್ತಿ ವೃತ್ತಿಗೂ ಪರವಾನಗಿ ಬೇಕು. ಊರ ಬಡಿಗನಿಗೆ ಇದು ತಿಳಿದಿದ್ದುದು ನನಗೆ ಸಂತೋಷ ಕೊಟ್ಟಿತು.

ಬಳಿಕ ಮಗನನ್ನು ಕರೆದುಕೊಂಡು ಮರ ನೋಡಲು ಹೊರಟೆ. ಕೊಳ್ಳುವುದಕ್ಕಿಂತ ಅವನ ಬೀಟೆಯ ಹುಚ್ಚು ಇಳಿಸುವುದೇ ನನ್ನ ಉದ್ದೇಶವಾಗಿತ್ತೆಂದು ಈಗ ಹೇಳಬಹುದು. ಶಿಗ್ಗಾಂವಿಯ ಕಟ್ಟಿಗೆ ಅಡ್ಡೆಯಲ್ಲಿ ಒಳ್ಳೆಯ ತೇಗವಿತ್ತು. ಬಾಗಿಲು ಚೌಕಟ್ಟಿಗೆ ತೇಗಕ್ಕೆ ಸಮನಾದದ್ದಿಲ್ಲ. ಉಬ್ಬು ಕುಗ್ಗು ಕಡಿಮೆ, ಗೆದ್ದಲೂ ಮುಟ್ಟದು. ಆದರೆ ಹಠಾತ್ತನೆ ಬೀಳುವ ಪೆಟ್ಟನ್ನು ಅದು ಅಷ್ಟಾಗಿ ತಾಳದು, ಸಣ್ಣ ಕುತ್ತಿಗೆಯಲ್ಲಿ ಸೀಳುವ ಸ್ವಭಾವ ಅದಕ್ಕುಂಟು. ಹಿರೇಕೆರೂರಿನಲ್ಲಿ ಚಕ್ಕಡಿ ಮಾಡುತ್ತಿದ್ದ ಹಿರಿಯರೊಬ್ಬರು ಕರಿಜಾಲಿಯ ತುಂಡು ತೋರಿಸಿದರು. ಪೆಟ್ಟು ತಿನ್ನುವುದರಲ್ಲಿ ಜಾಲಿ ಗಟ್ಟಿ, ಇಲ್ಲದಿದ್ದರೆ ಚಕ್ಕಡಿಯ ಗಾಲಿಗೆ ಏಕೆ ಬಳಸುತ್ತಿದ್ದರು? ಆದರೆ ಎಳೆ ತಿರುಚು, ಗಂಟು ಹೆಚ್ಚು, ಭಾರವೂ ಹೆಚ್ಚು.

ಸವಣೂರಿಗೆ ಹೋದದ್ದು ಮರಕ್ಕಲ್ಲ, ನೆಂಟರ ಮನೆಗೆ. ಹೋದ ಮೇಲೆ ದೊಡ್ಡಹುಣಸೆ ಮರಗಳನ್ನು ನೋಡದೆ ಬರಲಾದೀತೆ? 2023ರ ಮಳೆಗಾಲದಲ್ಲಿ ಉರುಳಿದ ಮರವನ್ನು ಎತ್ತಿ ಮತ್ತೆ ನೆಟ್ಟಿದ್ದಾರೆ. ಅದರ ಬುಡದ ಗಾತ್ರ ಕಂಡು ಹುಡುಗ, “ದೊಡ್ಡಪ್ಪಾ, ಇದರಾಗ ಸಾವಿರ ಬಟ್ಟು ಆಗ್ತಾವು,” ಎಂದ. ಒಂದೂ ಆಗದು ಎಂದೆ. ಆ ಮರದ ಒಳಗು ನೀರು ತುಂಬಿದ ಬೆಂಡು. ಗಾತ್ರಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ತರಗತಿಯಲ್ಲಿ ಇಂಥ ಉದಾಹರಣೆ ಸಿಕ್ಕಿದ್ದರೆ ಒಂದು ಪೀರಿಯಡ್ಡೇ ನಡೆಸುತ್ತಿದ್ದೆ.

ಬೀಟೆಯ ವಿಷಯ ತೂಕದ ಲೆಕ್ಕದಲ್ಲಿ ಇತ್ಯರ್ಥವಾಯಿತು. ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗಿದರೆ ಬೀಟೆ 850ರ ಆಸುಪಾಸು. ಬಂದೂಕು ಭಾರವಾದಷ್ಟೂ ಒದೆತ ಕಡಿಮೆ ಎಂದು ಹುಡುಗ ವಾದಿಸಿದ; ಮಾತು ನಿಜ. ಆದರೆ ಆ ಭಾರವೆಲ್ಲ ಹಿಂಬದಿಗೇ ಸೇರಿದರೆ ಬಂದೂಕು ಹದ ತಪ್ಪುತ್ತದೆ, ರಾತ್ರಿಯಿಡೀ ಹೊತ್ತು ಬದುವಿನಲ್ಲಿ ತಿರುಗುವವನು ಅವನೇ. ಇನ್ನು ಕೆತ್ತನೆ. ತೆಳ್ಳಗಿನ ಕುತ್ತಿಗೆಯಲ್ಲಿ ಹೂಬಳ್ಳಿ ತೋಡಿದರೆ ಇರುವ ಮರವೂ ಕಡಿಮೆಯಾಯಿತು.

ಅವನಿಗೆ ನಿಜವಾಗಿ ಮನಸ್ಸಿಗೆ ಹತ್ತಿದ್ದು .303 ರೈಫಲ್ಲಿನ ಸಂಗತಿ. ಎನ್‌ಸಿಸಿ ಶಿಬಿರಗಳಲ್ಲಿ ನಾವು ಹೊತ್ತ ಆ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಬಟ್ಟು ಬೇರೆಯದೇ ತುಂಡು. ಒಳಗೆ ತೂರಿದ ಉದ್ದನೆಯ ಬೋಲ್ಟು ಅದನ್ನು ಬಿಗಿಯುತ್ತದೆ. ಅಂಗಿಗಿರುವಂತೆ ಆ ಬಟ್ಟಿಗೂ ಅಳತೆಗಳಿದ್ದವು: ಸಾಧಾರಣ, ಉದ್ದ, ಗಿಡ್ಡ, ಅದಕ್ಕಿಂತ ಗಿಡ್ಡ. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಇಂಚಿನ ವ್ಯತ್ಯಾಸ, ಮರದ ಮೇಲೆ ಒತ್ತಿದ ಅಕ್ಷರವೇ ಗುರುತು. ಲಕ್ಷಗಟ್ಟಲೆ ರೈಫಲ್ಲುಗಳನ್ನು ಒಂದೇ ಅಚ್ಚಿನಲ್ಲಿ ತೆಗೆದ ಸೈನ್ಯವೇ ಸಿಪಾಯಿಯ ತೋಳಿನ ಉದ್ದಕ್ಕೆ ಬೆಲೆ ಕೊಟ್ಟಿತ್ತು. ಇದನ್ನು ಕೇಳಿದಾಗಿನಿಂದ ಗಿಡ್ಡ ಬಟ್ಟು ಹಾಕಿಸಿಕೊಳ್ಳುವುದು ಹುಡುಗನಿಗೆ ಅವಮಾನವೆನಿಸಲಿಲ್ಲ. ಅಪ್ಪನ ಬಂದೂಕನ್ನು ಕತ್ತರಿಸಿ ಚಿಕ್ಕದು ಮಾಡಿದ ಎನ್ನಿಸಿಕೊಳ್ಳುವ ಅಳುಕು ಅವನೊಳಗಿತ್ತೆಂಬುದು ನನಗೆ ಆಗಲೇ ಹೊಳೆದದ್ದು.

ಕೊನೆಗೆ ಹುಬ್ಬಳ್ಳಿಯಲ್ಲಿ ಪರವಾನಗಿಯುಳ್ಳ ಬಂದೂಕಿನ ಅಂಗಡಿಗೆ ಹೋದೆವು. ಅರ್ಧ ಕೆತ್ತಿಟ್ಟ ಅಕ್ರೋಟು ಮರದ ಬಟ್ಟುಗಳು ನಾಲ್ಕಿದ್ದವು. ಎರಡರಲ್ಲಿ ಮೋಡ ಹರಡಿದಂಥ ಚೆಲುವಾದ ವಿನ್ಯಾಸ. ಹುಡುಗ ಅವನ್ನೇ ಎತ್ತಿಕೊಂಡ. ಹಾನಗಲ್ಲಿನ ಬಡಿಗ ಹೇಳಿಕೊಟ್ಟಿದ್ದಂತೆ ನಾನು ಕುತ್ತಿಗೆಯನ್ನಷ್ಟೇ ಬೆಳಕಿಗೆ ಹಿಡಿದು ನೋಡಿದೆ. ಚೆಲುವಾದ ಎರಡರಲ್ಲೂ ಎಳೆ ಕುತ್ತಿಗೆಯನ್ನು ಅಡ್ಡ ಹಾಯ್ದಿತ್ತು, ಮುರಿಯುವ ದಾರಿಯನ್ನು ಅದೇ ಗೆರೆ ಎಳೆದು ತೋರಿಸುವಂತೆ. ಮೂರನೆಯದಕ್ಕೆ ಗಂಟು. ನಾಲ್ಕನೆಯದು ಸಪ್ಪೆ ಕಂದು ಬಣ್ಣದ್ದು, ಎಳೆಗಳು ಕುತ್ತಿಗೆಯ ಉದ್ದಕ್ಕೂ ನೀರು ಹರಿದಂತೆ ನೇರ. ಅದನ್ನೇ ತೆಗೆದುಕೊಂಡೆವು. ಹುಡುಗ ಮುಖ ಸಣ್ಣದು ಮಾಡಿದನಾದರೂ ಬೇಡವೆನ್ನಲಿಲ್ಲ.

ಕೂಡಿಸುವ ಕೆಲಸ ನೋಡುವಂಥದು. ಮಿಸ್ತ್ರಿ ಲೋಹದ ಭಾಗಕ್ಕೆ ದೀಪದ ಕಾಡಿಗೆ ಹಚ್ಚಿ ಮರಕ್ಕೆ ಒತ್ತುತ್ತಿದ್ದ. ಕಪ್ಪು ಹತ್ತಿದಲ್ಲಿ ಮಾತ್ರ ಉಳಿಯಿಂದ ಕೂದಲಿನಷ್ಟು ಹೆರೆದು ಮತ್ತೆ ಒತ್ತುತ್ತಿದ್ದ. ಕಪ್ಪು ಎಲ್ಲೆಡೆ ಸಮನಾಗಿ ಹತ್ತುವವರೆಗೆ ಹೀಗೇ. ಒಂದೇ ಕಡೆ ಆನಿದರೆ ಒದೆತವೆಲ್ಲ ಅಲ್ಲೇ ಬಿದ್ದು ಮರ ಸೀಳುತ್ತದೆಯಂತೆ. ಉದ್ದವನ್ನು ಹುಡುಗನ ತೋಳಿಗೆ ಹದಿಮೂರು ಇಂಚಿಗೆ ಇಳಿಸಿದರು. ಮೆರುಗೆಣ್ಣೆ ಬೇಡವೆಂದೆ, ನಮ್ಮ ಅಗಸೆ ಎಣ್ಣೆಯೇ ಸಾಕು, ತೆಳುವಾಗಿ ಸವರಿ ಅಂಗೈಯಿಂದ ತಿಕ್ಕಿ, ಒಣಗಿದ ಮೇಲೆ ಇನ್ನೊಂದು ಸಲ. ಎಣ್ಣೆಯ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿಯೇ ಬೆಂಕಿ ಹತ್ತುವುದುಂಟು.

ಹಳೆಯ ಬಟ್ಟಿನ ಹಿಂಬದಿಯಲ್ಲಿ ಸವೆದ ಕಬ್ಬಿಣದ ತಗಡೊಂದಿತ್ತು. ತಮ್ಮನ ಹೆಂಡತಿ ಅದನ್ನಾದರೂ ಹೊಸದಕ್ಕೆ ಹಾಕಿಸಿ ಎಂದಿದ್ದಳು. ಅಂಚು ಅರದಿಂದ ತಿಕ್ಕಿ ಸಣ್ಣದು ಮಾಡಬೇಕಾಯಿತು. ಹಳೆಯ ಎರಡು ಸ್ಕ್ರೂಗಳೇ ಸರಿಹೋದವು. ಹಳೆಯ ಮರವನ್ನು ಅವಳು ಹಳದಿ ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾಳೆ.

ಈ ಸಲ ತೆನೆ ಬಲಿಯುವ ಹೊತ್ತಿಗೆ ಹುಡುಗ ಮೊದಲ ಈಡು ಹಾರಿಸಿದ. ಬೆಳಿಗ್ಗೆ ಚಹಾ ಕೊಡುತ್ತಾ ತಾಯಿ, “ಭುಜ ನೋಯ್ತೇನೋ?” ಎಂದು ಕೇಳಿದಳು. “ಇಲ್ಲವ್ವಾ,” ಎಂದನಂತೆ. ಇನ್ನೆರಡು ಸಲ ಎಣ್ಣೆ ತಿಕ್ಕುವುದು ಬಾಕಿಯಿದೆ, ದೀಪಾವಳಿಗೆ ಹೋದಾಗ ನಾನೇ ಮಾಡಿ ಬರುತ್ತೇನೆ.