ಉದ್ರಿ ಪುಸ್ತಕ ಈಗ ಪ್ಯಾನ್ ನಂಬರಿನಲ್ಲಿದೆ

ನಮ್ಮ ಹಾವೇರಿ ಕಡೆ ಕಿರಾಣಿ ಅಂಗಡಿಯ ಸಾಲಕ್ಕೆ ಉದ್ರಿ ಅನ್ನುತ್ತೇವೆ. ಉದ್ರಿ ಸಿಗಬೇಕಾದರೆ ನೀವು ಯಾರ ಮಗ, ಯಾರ ಮೊಮ್ಮಗಳು ಅಂತ ಅಂಗಡಿಯವರಿಗೆ ಗೊತ್ತಿರಬೇಕು. ಗೋವಿನಜೋಳ ಮಾರಿದ ವಾರವೇ ಬಂದು ಬಾಕಿ ಚುಕ್ತಾ ಮಾಡುವ ಅಪ್ಪನಿದ್ದರೆ, ಮಕ್ಕಳು ಚೀಟಿ ಹಿಡಿದು ಹೋದರೂ ಸಾಮಾನು ಕೊಡುತ್ತಾರೆ. ಇಲ್ಲದಿದ್ದರೆ ಗೋಡೆ ಮೇಲಿನ ಬೋರ್ಡು ತೋರಿಸುತ್ತಾರೆ: ಇಂದು ರೋಕ, ನಾಳೆ ಉದ್ರಿ.

ಈ ನಂಬಿಕೆಗೆ ಕನ್ನಡದಲ್ಲಿ ಒಂದು ಹಳೆಯ ಮಾತಿದೆ: ಪತ್ತು. ಊರೂರಿನಲ್ಲಿ ಕಾಣುವ ‘ಪತ್ತಿನ ಸಹಕಾರ ಸಂಘ’ದ ಬೋರ್ಡಿನಲ್ಲಿರುವ ಪತ್ತು ಅದೇ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ, ಒಬ್ಬರನ್ನೊಬ್ಬರು ಬಲ್ಲ ಊರವರ ನಂಬಿಕೆಯೇ ಅದರ ಬಂಡವಾಳವಾಗಿತ್ತು. ಆ ಪತ್ತು ಮನೆತನದ ಹೆಸರಿಗೆ ಅಂಟಿಕೊಂಡಿರುತ್ತಿತ್ತು.

ಈಗ ಇನ್ನೊಂದು ಪುಸ್ತಕ ಬಂದಿದೆ. ಅದು ನಿಮ್ಮ ಅಪ್ಪ ಯಾರು ಅಂತ ಕೇಳುವುದಿಲ್ಲ, ಪ್ಯಾನ್ ನಂಬರ್ ಕೇಳುತ್ತದೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಹೆಸರಿನಲ್ಲಿ, ಎಷ್ಟೋ ಸಲ ಅವರಿಗೇ ಗೊತ್ತಿಲ್ಲದಂತೆ, ಆ ಪುಸ್ತಕದ ಮೊದಲ ಪುಟ ಬರೆದಾಗಿರುತ್ತದೆ.

ಎಲ್ಲರೂ ‘ಸಿಬಿಲ್’ ಅನ್ನುತ್ತಾರೆ. ನಮ್ಮ ದೇಶದಲ್ಲಿ ಇಂಥ ಪುಸ್ತಕ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2005ರ ಕಾಯ್ದೆಯ ಪ್ರಕಾರ ನಡೆಯುತ್ತವೆ, ಮೇಲ್ವಿಚಾರಣೆ ಆರ್‌ಬಿಐದು. ಬ್ಯಾಂಕು, ಫೈನಾನ್ಸ್, ಮೈಕ್ರೋ ಫೈನಾನ್ಸ್ ಎಲ್ಲವೂ ಯಾರು ಎಷ್ಟು ಸಾಲ ಪಡೆದರು, ಕಂತು ಯಾವಾಗ ಕಟ್ಟಿದರು ಅಂತ ಇವಕ್ಕೆ ವರದಿ ಕಳಿಸುತ್ತವೆ. ಅದರ ಮೇಲೆ 300ರಿಂದ 900ರವರೆಗೆ ಅಂಕ ಬೀಳುತ್ತದೆ. 750 ದಾಟಿದರೆ ಬ್ಯಾಂಕಿನವರ ಮುಖ ಅರಳುತ್ತದೆ.

ನನ್ನಂಥ ಅರೆಕಾಲಿಕ ವರದಿಗಾರನಿಗೆ ಸಂಬಳ ಚೀಟಿ ಇಲ್ಲ. ಸುದ್ದಿಗಿಷ್ಟು ಅಂತ ದುಡ್ಡು ಬರುತ್ತದೆ. ಬೈಕ್ ಸಾಲಕ್ಕೆ ಹೋದಾಗ ‘ಪೇ ಸ್ಲಿಪ್ ಐತೇನ್ರಿ’ ಅಂತ ಕೇಳಿದರು. ಇಲ್ಲ ಅಂದೆ. ಕಂಪ್ಯೂಟರ್ ನೋಡಿ, ಹಿಂದಿನ ಸಾಲ ಸರಿಯಾಗಿ ಕಟ್ಟಿದ್ದೀರಲ್ಲ ಅಂತ ಅರ್ಜಿ ತೆಗೆದುಕೊಂಡರು. ಸಂಬಳ ಚೀಟಿ ಇಲ್ಲದ ರೈತರ, ಕೂಲಿಯವರ, ಟೇಲರ್‌ಗಳ ಮಕ್ಕಳಿಗೆ ಈ ಪುಸ್ತಕ ಯಾಕೆ ಮುಖ್ಯ ಅಂತ ನನಗೆ ಸ್ಪಷ್ಟವಾಗಿದ್ದು ಅಲ್ಲಿ. ತೋರಿಸಲು ಬೇರೆ ಕಾಗದ ಇಲ್ಲದವರಿಗೆ ಇದೊಂದೇ ಕಾಗದ.

ನಮ್ಮ ಓಣಿಯಲ್ಲಿ ಬಿಕಾಂ ಮುಗಿಸಿದ ಹುಡುಗನೊಬ್ಬ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಐಬಿಪಿಎಸ್ ಅಧಿಸೂಚನೆ ಓದುವಾಗ ಒಂದು ಷರತ್ತು ಕಂಡು ನನ್ನ ಹತ್ತಿರ ಓಡಿ ಬಂದ. ಕೆಲಸಕ್ಕೆ ಸೇರುವ ಹೊತ್ತಿಗೆ ಅಭ್ಯರ್ಥಿಯ ಸಾಲದ ಇತಿಹಾಸ ಸರಿ ಇರಬೇಕು ಅಂತ ಅದರಲ್ಲಿತ್ತು. ‘ಅಣ್ಣಾ, ನಾ ಸಾಲಾನ ಮಾಡಿಲ್ಲ, ನನಗ ಇದು ಬರಂಗಿಲ್ಲ ಅಲ್ಲಾ?’ ಅಂದ. ಇಬ್ಬರೂ ಕೂತು ಅವನ ರಿಪೋರ್ಟ್ ತೆಗೆದೆವು. ₹1,840 ಬಾಕಿ ಇತ್ತು. ಎರಡನೇ ವರ್ಷದಲ್ಲಿದ್ದಾಗ ಒಂದು ಆ್ಯಪಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಅಂತ ಒತ್ತಿ ಶೂ ತರಿಸಿದ್ದ. ಆಮೇಲೆ ಸಿಮ್ ಬದಲಾಯಿಸಿದ. ನೆನಪಿಸುವ ಮೆಸೇಜುಗಳೆಲ್ಲ ಹಳೇ ನಂಬರಿಗೆ ಹೋಗಿದ್ದವು.

ಆ ‘ಆಮೇಲೆ ಕಟ್ಟಿ’ ಅನ್ನುವುದೇ ಸಾಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಫೋನ್ ಅಂಗಡಿಯ ‘ಝೀರೋ ಡೌನ್ ಪೇಮೆಂಟ್’ ಕೂಡ ಸಾಲವೇ. ಅವನು ದುಡ್ಡು ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ತರಿಸಿಕೊಂಡ. ಖಾತೆ ಮುಗಿದಿದೆ ಅಂತ ದಾಖಲಾಯಿತು. ಆದರೆ ಹಿಂದಿನ 36 ತಿಂಗಳು ಕಂತು ಯಾವಾಗ ಬಂತು, ಎಷ್ಟು ದಿನ ತಡವಾಯಿತು ಅನ್ನುವುದು ರಿಪೋರ್ಟಿನಲ್ಲಿ ಕಾಣುತ್ತಲೇ ಇರುತ್ತದೆ. ಕಿರಾಣಿ ಅಂಗಡಿಯವರು ‘ಈ ಸಲ ಮಳಿ ಕೈಕೊಟ್ಟಿತು, ಇರಲಿ’ ಅನ್ನುತ್ತಾರೆ. ಈ ಪುಸ್ತಕಕ್ಕೆ ಮಳೆ ಗೊತ್ತಿಲ್ಲ.

ಇನ್ನೊಂದು ನಮ್ಮ ಮನೆಯ ಮಾತು. ಚಿಕ್ಕಪ್ಪನ ಮಗಳಿಗೆ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿತು. ನಾಲ್ಕು ವರ್ಷ, ವರ್ಷಕ್ಕೆ ಸುಮಾರು ₹1 ಲಕ್ಷ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿದೆವು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ₹4 ಲಕ್ಷದವರೆಗೆ ಹೊಲ, ಮನೆ ಒತ್ತೆ ಇಡಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಸಹಿ ಹಾಕಲು ಹೋದ ಚಿಕ್ಕಪ್ಪನ ಹೆಸರಿನಲ್ಲಿ ಬಾಕಿ ತೋರಿಸುತ್ತಿದೆ ಅಂತ ಅರ್ಜಿ ನಿಂತಿತು.

‘ನಾ ಎಲ್ಲೂ ಸಾಲ ತಗೊಂಡಿಲ್ರಿ, ನನ್ನ ಹೆಸರಿಗೆ ಬಾಕಿ ಹೆಂಗ ಬರತೈತಿ?’ ಅಂತ ಚಿಕ್ಕಪ್ಪ ಕೇಳಿದರು.

‘ಯಜಮಾನ್ರ, ನೀವು ತಗೊಂಡಿಲ್ಲ, ಜಾಮೀನು ನಿಂತೀರಿ’ ಅಂದರು ಮ್ಯಾನೇಜರ್.

ಐದು ವರ್ಷದ ಹಿಂದೆ ಬೀಗರ ಹುಡುಗನ ಬೈಕ್ ಸಾಲಕ್ಕೆ ಚಿಕ್ಕಪ್ಪ ಸಹಿ ಹಾಕಿದ್ದರು. ಆ ಹುಡುಗ ಕೊನೆಯ ಕಂತುಗಳನ್ನು ತಡ ಮಾಡಿ ಕಟ್ಟಿ ಮುಗಿಸಿದ್ದ. ಫೈನಾನ್ಸಿನವರು ಮುಗಿದಿದ್ದನ್ನು ವರದಿ ಮಾಡಿರಲಿಲ್ಲ. ಮಗಳ ಫೀಸಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಚಿಕ್ಕಮ್ಮ ಕಿವಿಯ ಬೆಂಡೋಲೆ, ಕೈಬಳೆ ಒತ್ತೆ ಇಟ್ಟು ಮೊದಲ ವರ್ಷದ ಸೀಟು ಉಳಿಸಿದರು. ನಾವು ಬೀಗರ ಮನೆಯಿಂದ ಸಾಲ ತೀರಿದ ಪತ್ರದ ಪ್ರತಿ ತಂದು ಸಿಬಿಲ್‌ಗೆ ಆನ್‌ಲೈನಿನಲ್ಲೇ ತಕರಾರು ಹಾಕಿದೆವು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ತಕರಾರನ್ನು 30 ದಿನದೊಳಗೆ ಬಗೆಹರಿಸಬೇಕು, ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. ನಾಲ್ಕನೇ ವಾರದಲ್ಲಿ ಸರಿಯಾಯಿತು. ಸಾಲ ಮಂಜೂರಾಯಿತು. ಬೆಂಡೋಲೆ ಬಿಡಿಸಿಕೊಳ್ಳಲು ಮುಂದಿನ ಸುಗ್ಗಿಯವರೆಗೆ ಕಾಯಬೇಕಾಯಿತು.

ಸಹಿ ಹಾಕುವ ಹಿಂದಿನ ರಾತ್ರಿ ತಂಗಿ ನನ್ನನ್ನು ಕೇಳಿದಳು: ‘ಅಣ್ಣಾ, ಈ ಸಾಲ ನನ್ನ ಹೆಸರಿಗೆ ಅಂದ್ರ, ಮದುವಿ ಆದಮ್ಯಾಲೂ ನನ್ನ ಹಿಂದನ ಬರತೈತೇನು?’

‘ಬರತೈತಿ’ ಅಂದೆ. ‘ನೀ ಸರಿಯಾಗಿ ಕಟ್ಟಿದ್ದೂ ನಿನ್ನ ಹಿಂದನ ಬರತೈತಿ. ಅದನ್ನ ಯಾರೂ ಕಸಗೊಳ್ಳಾಕ ಆಗಂಗಿಲ್ಲ.’

ಆಮೇಲೆ ಲೆಕ್ಕ ಮಾಡಿದೆವು. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಶಿಕ್ಷಣ ಸಾಲದ ಕಂತು ಕೋರ್ಸು ಮುಗಿದು ಒಂದು ವರ್ಷದ ತನಕ ಶುರುವಾಗುವುದಿಲ್ಲ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಪ್ರತಿ ವರ್ಷದ ಆರಂಭದಲ್ಲಿ ₹1 ಲಕ್ಷ ಬಿಡುಗಡೆಯಾಗಿ, ಬಡ್ಡಿ 10% ಅಂತ ಹಿಡಿಯಿರಿ. ಸರಳ ಬಡ್ಡಿ ಲೆಕ್ಕದಲ್ಲೇ ನಾಲ್ಕು ವರ್ಷಕ್ಕೆ ₹1 ಲಕ್ಷ, ಮತ್ತೊಂದು ವರ್ಷಕ್ಕೆ ₹40,000 ಸೇರುತ್ತದೆ. ಪಡೆದದ್ದು ₹4 ಲಕ್ಷ, ಮೊದಲ ಕಂತಿನ ದಿನ ನಿಂತಿರುವುದು ₹5.4 ಲಕ್ಷ. ಅದರ ಬದಲು ಓದುವಾಗಲೇ ಬಡ್ಡಿ ಕಟ್ಟಿದರೆ ಮೊದಲ ವರ್ಷ ತಿಂಗಳಿಗೆ ಸುಮಾರು ₹833. ವರ್ಷ ಕಳೆದಂತೆ ಅದು ಏರುತ್ತದೆ, ನಾಲ್ಕನೇ ವರ್ಷಕ್ಕೆ ₹3,333 ಆಗುತ್ತದೆ. ಕೆಲವು ಬ್ಯಾಂಕುಗಳು ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ 1% ರಿಯಾಯಿತಿಯನ್ನೂ ಕೊಡುತ್ತವೆ. ಚಿಕ್ಕಪ್ಪನ ಮನೆಯಲ್ಲಿ ಹಾಲಿನ ಡೈರಿ ಬಿಲ್ಲಿನಿಂದ ₹850 ಆ ಖಾತೆಗೆ ಅಂತ ಮೊದಲು ಎತ್ತಿಡುತ್ತಾರೆ. ನಾಲ್ಕನೇ ವರ್ಷದ ಹೊತ್ತಿಗೆ ಪೂರ್ತಿ ಆಗುತ್ತದೋ ಇಲ್ಲವೋ, ಆದಷ್ಟು ಕಟ್ಟಿದರೂ ಕೊನೆಯ ಮೊತ್ತ ಅಷ್ಟು ಕಡಿಮೆ.

ಕುಟುಂಬದ ವಾರ್ಷಿಕ ಆದಾಯ ₹4.5 ಲಕ್ಷದೊಳಗಿದ್ದು, ಮಾನ್ಯತೆ ಇರುವ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುವವರಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಆದಾಯ ಪ್ರಮಾಣಪತ್ರ ಇಟ್ಟುಕೊಂಡು, ನಿಮ್ಮ ಕಾಲೇಜು ಅದರಲ್ಲಿ ಬರುತ್ತದೆಯೇ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದೆ ಅದು ತಾನಾಗಿ ಬರುವುದಿಲ್ಲ.

ಶಿಕ್ಷಣ ಸಾಲ ಇಲ್ಲದ ವಿದ್ಯಾರ್ಥಿಗಳು ಪತ್ತು ಕಟ್ಟಿಕೊಳ್ಳುವುದು ಹೇಗೆ? 18 ತುಂಬಿದ ಮೇಲೆ, ಸ್ವಂತ ಆದಾಯ ಇಲ್ಲದಿದ್ದರೂ, ಕೆಲವು ಬ್ಯಾಂಕುಗಳು ಎಫ್‌ಡಿ ಮೇಲೆ ಕ್ರೆಡಿಟ್ ಕಾರ್ಡ್ ಕೊಡುತ್ತವೆ. ಸ್ಕಾಲರ್‌ಶಿಪ್ ಹಣ ₹10,000 ಉಳಿದಿದ್ದರೆ ಅದನ್ನು ಎಫ್‌ಡಿ ಇಟ್ಟು ಅದರೊಳಗಿನ ಮಿತಿಯ ಕಾರ್ಡ್ ಪಡೆಯಬಹುದು. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆ ಕಾರ್ಡಿನಲ್ಲಿ ತಿಂಗಳಿಗೆ ಮೊಬೈಲ್ ರೀಚಾರ್ಜು, ಒಂದೆರಡು ಪುಸ್ತಕ, ಅಷ್ಟೇ. ಮಿತಿಯ 30% ದಾಟಬೇಡಿ ಅನ್ನುವುದು ಸಾಮಾನ್ಯವಾಗಿ ಕೊಡುವ ಸಲಹೆ. ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟಬೇಕು.

‘ಪೂರ್ತಿ’ ಅನ್ನುವ ಮಾತಿಗೆ ಒತ್ತು ಕೊಡುತ್ತೇನೆ. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಅಂತ ಚಿಕ್ಕ ಮೊತ್ತ ಕಾಣುತ್ತದೆ. ಅಷ್ಟು ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ 3.5%ರ ಆಸುಪಾಸು. ನಮ್ಮ ಭಾಷೆಯಲ್ಲಿ ನೂರಕ್ಕೆ ಮೂರೂವರೆ. ಊರಿನಲ್ಲಿ ನೂರಕ್ಕೆ ಮೂರರಂತೆ ಬಡ್ಡಿ ವ್ಯವಹಾರ ಮಾಡುವವರ ಮನೆ ಕಡೆ ಮಕ್ಕಳು ತಲೆ ಹಾಕದಂತೆ ಕಾಯುತ್ತೇವೆ. ಅದಕ್ಕಿಂತ ಹೆಚ್ಚಿನ ಬಡ್ಡಿಯ ಕಾರ್ಡು ಮಗನ ಜೇಬಿನಲ್ಲಿದ್ದರೆ ಬ್ಯಾಂಕಿನದು ಅಂತ ಸುಮ್ಮನಿರುತ್ತೇವೆ.

ಲೋನ್ ಆ್ಯಪ್‌ಗಳದು ಬೇರೆಯೇ ಲೆಕ್ಕ. ₹3,000 ಸಾಲ ಅಂತ ತೋರಿಸಿ, ಖಾತೆಗೆ ₹2,000 ಹಾಕಿ, ಏಳು ದಿನಕ್ಕೆ ₹3,000 ಕೇಳಿದರೆ ಅದು ವಾರಕ್ಕೆ ನೂರಕ್ಕೆ ಐವತ್ತು. ಆರ್‌ಬಿಐ 2022ರಲ್ಲಿ ತಂದ ನಿಯಮದಂತೆ ಡಿಜಿಟಲ್ ಸಾಲ ಕೊಡುವ ಸಂಸ್ಥೆಯ ಹೆಸರು ತಿಳಿಸಬೇಕು, ಎಲ್ಲಾ ಖರ್ಚು ಸೇರಿಸಿದ ವಾರ್ಷಿಕ ಬಡ್ಡಿಯನ್ನು ಒಂದು ಹಾಳೆಯಲ್ಲಿ ಮೊದಲೇ ತೋರಿಸಬೇಕು, ಹಣ ಆ ಸಂಸ್ಥೆಯಿಂದ ನೇರ ನಿಮ್ಮ ಖಾತೆಗೇ ಬರಬೇಕು. ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊ ನೋಡಲು ಅನುಮತಿ ಕೇಳುವ ಆ್ಯಪನ್ನು ಅಲ್ಲೇ ಅಳಿಸಿ. ಈಗಾಗಲೇ ಸಿಕ್ಕಿಕೊಂಡು, ಫೋಟೊ ಕೆಡಿಸಿ ಕಳಿಸುತ್ತೇವೆ ಅಂತ ಬೆದರಿಸುತ್ತಿದ್ದರೆ 1930ಕ್ಕೆ ಫೋನ್ ಮಾಡಿ, ಹತ್ತಿರದ ಠಾಣೆಗೆ ಹೋಗಿ. ಅಪ್ಪ ಅಮ್ಮನಿಗೆ ಮೊದಲು ಹೇಳಿ. ಬೈಗುಳ ಒಂದು ದಿನದ್ದು. ಮುಚ್ಚಿಟ್ಟ ಸಾಲ ವಾರಕ್ಕೊಮ್ಮೆ ಬೆಳೆಯುತ್ತದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ‘ಮೂರು ಸಾವಿರಕ್ಕ ಮನಿ ಮರ್ಯಾದಿ ತಗದಿ’ ಅಂತ ಮಗನನ್ನು ಹೊರಗೆ ನಿಲ್ಲಿಸಬೇಡಿ. ಮರ್ಯಾದೆ ತೆಗೆಯುತ್ತೇವೆ ಅನ್ನುವುದೇ ಆ ಆ್ಯಪಿನವರ ಆಯುಧ. ಮನೆಯವರೂ ಅದನ್ನೇ ಹಿಡಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು?

ರಿಪೋರ್ಟ್ ನೋಡಲು ಯಾರಿಗೂ ದುಡ್ಡು ಕೊಡಬೇಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವುಗಳ ಸ್ವಂತ ವೆಬ್‌ಸೈಟಿನಲ್ಲೇ ತೆಗೆಯಿರಿ. ‘₹5,000 ಕೊಡಿ, ಸಿಬಿಲ್ ಏರಿಸಿಕೊಡುತ್ತೇವೆ’ ಅನ್ನುವವರು ತಾಲೂಕು ಕೇಂದ್ರಗಳಲ್ಲೂ ಹುಟ್ಟಿಕೊಂಡಿದ್ದಾರೆ. ತಪ್ಪು ದಾಖಲೆಯನ್ನು ಪುಕ್ಕಟೆ ತಿದ್ದಿಸಬಹುದು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ಇನ್ನೊಂದು, ಫೈನಾನ್ಸಿನವರು ‘ಅರ್ಧ ಕಟ್ಟಿ, ಸೆಟಲ್ ಮಾಡೋಣ’ ಅಂದಾಗ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಅಂತ ಬರುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಪೂರ್ತಿ ಕಟ್ಟಿಲ್ಲ ಅಂತ ಮುಂದಿನ ಬ್ಯಾಂಕು ಅದನ್ನು ಓದುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ ಸ್ಕೋರಿಗೋಸ್ಕರ ಸಾಲ ಮಾಡಲು ಹೊರಟರೆ ನಾನು ಬರೆದದ್ದು ವ್ಯರ್ಥ. ಸಾಲವೇ ಮಾಡದವರ ರಿಪೋರ್ಟಿನಲ್ಲಿ ಅಂಕ ಇರುವುದಿಲ್ಲ, ಅದು ಕೆಟ್ಟ ಅಂಕ ಅಲ್ಲ. ಸಾಲದ ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಳ್ಳಿಹಾಕಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಖಾಲಿ ಪುಟ ಇಟ್ಟುಕೊಂಡು ಡಿಗ್ರಿ ಮುಗಿಸುವುದು, ಶೂ ಕೊಂಡು ಕೆಂಪು ಗೆರೆ ಹಾಕಿಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಓದಿಗೆ ಸಾಲ ಬೇಕೇ ಬೇಕು ಅಂದರೆ ಹೆದರದೆ ಮಾಡಿ. ಸಹಿ ಹಾಕುವ ಮೊದಲು ಅಪ್ಪನ, ಅಮ್ಮನ, ನಿಮ್ಮ ರಿಪೋರ್ಟನ್ನು ಒಮ್ಮೆ ತೆಗೆದು ನೋಡಿ. ಸೀಟಿಗೆ ಅರ್ಜಿ ಹಾಕುವಾಗಲೇ ನೋಡಿ, ಫೀಸಿನ ಕೊನೆಯ ವಾರದಲ್ಲಿ ಅಲ್ಲ. ತಿದ್ದಿಸಲು ಒಂದು ತಿಂಗಳು ಬೇಕಾಗುತ್ತದೆ.