ಅಕ್ಷರ ಗುಂಡಿನ ಊರು ಇಸಿಲ

ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ದಾಟಿ ಮೊಳಕಾಲ್ಮೂರಿಗೆ ಬರುವವರು ಸಾಮಾನ್ಯವಾಗಿ ರೇಷ್ಮೆ ಸೀರೆ ಕೊಂಡು ಹಿಂದಿರುಗುತ್ತಾರೆ. ಅದೇ ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಬುಡದಲ್ಲಿ, ಒಂದು ನಗರವೇ ಮಣ್ಣಾಗಿ ಮಲಗಿದೆ. ಹೆಸರು ಇಸಿಲ. ಹಂಪಿಯ ಗೋಪುರ, ಬೀದಿಗಳನ್ನು ಇಲ್ಲಿ ಹುಡುಕಬಾರದು. ಇರುವುದು ಹೊಲ ಮತ್ತು ಬಂಡೆ.

ಹಳ್ಳಿಗರು ‘ಅಕ್ಷರ ಗುಂಡು’ ಎನ್ನುತ್ತಿದ್ದ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಸುವರ್ಣಗಿರಿಯ ರಾಜಪುತ್ರ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ತಿಳಿಸಿದ ಆಜ್ಞೆ ಅದು: ತಂದೆತಾಯಿಗೆ ವಿಧೇಯರಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. (ಮಕ್ಕಳ ಕೈಹಿಡಿದು ಬಂದ ಪಾಲಕರಿಗೆ ಇದಕ್ಕಿಂತ ಅನುಕೂಲದ ಬಂಡೆ ಬೇರೆಲ್ಲಿ ಸಿಕ್ಕೀತು!) ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಇದನ್ನು ಬರೆದ ಚಪಡ, ಕೊನೆಯಲ್ಲಿ ತಾನು ಲಿಪಿಕಾರ ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಆ ಒಂದು ಪದ ಎಷ್ಟು ದೂರದಿಂದ ಬಂದಿದೆ!

1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದಾಗ ಮೂರು ಕಾಲದ ಬದುಕು ಪದರುಪದರಾಗಿ ಕಂಡಿತು: ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಗೋರಿಗಳನ್ನು ಕಟ್ಟಿದ ಕಬ್ಬಿಣದ ಕಾಲದವರು, ಅವರ ಮೇಲೆ ಶಾತವಾಹನರ ಕಾಲದವರು.

ಸಮೀಪದ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅಶೋಕನ ಶಾಸನವಿದೆ. ಆ ಬಂಡೆಗೆ ‘ಬಳೆಗಾರರ ಗುಂಡು’ ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆಯೇ. ಅಕ್ಷರಗಳು ಬಹಳ ಸವೆದಿವೆ. ಮೊದಲು ಬ್ರಹ್ಮಗಿರಿ ನೋಡಿ, ಆಮೇಲೆ ಈ ಬೆಟ್ಟ ಹತ್ತುವುದು ಒಳ್ಳೆಯದು. ಬಂಡೆಯ ಮೇಲೆ ಹೆಸರು ಕೊರೆಯುವ ಮೊಳೆ ಮಾತ್ರ ಮನೆಯಲ್ಲೇ ಇರಲಿ.