ಅಂಗಳವಿಲ್ಲದ ತಂಡ

ಇಂಗ್ಲೆಂಡಿನ ಸ್ಪೀಡ್‌ವೇ ಪಂದ್ಯದ ವಿಷಯವನ್ನು ಮೊದಲು ಓದಿದಾಗ ನಾವು ನಂಬಲಿಲ್ಲ. ಆ ಮೋಟಾರ್‌ಸೈಕಲ್ಲುಗಳಿಗೆ ಬ್ರೇಕೇ ಇಲ್ಲ, ಗೇರು ಒಂದೇ. ನಾಲ್ವರು ಸವಾರರು ಅಂಡಾಕಾರದ ಮಣ್ಣುಹಾದಿಯಲ್ಲಿ ನಾಲ್ಕು ಸುತ್ತು ಧಾವಿಸುತ್ತಾರೆ; ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿಯೇ ತಿರುಗಬೇಕು. ಮೊದಲಿಗನಿಗೆ 3 ಅಂಕ, ಕಡೆಯವನಿಗೆ ಸೊನ್ನೆ.

ಆದರೆ ನಮ್ಮ ಮನಸ್ಸನ್ನು ಹಿಡಿದದ್ದು ಕ್ರೇಡ್ಲಿ ಹೀತನ್ಸ್ ಎಂಬ ತಂಡದ ಕಥೆ. ಹೀತನ್ಸ್ ಎಂದರೆ ಅನ್ಯದೈವಗಳನ್ನು ಪೂಜಿಸುವವರು. ಮಠದಲ್ಲಿ ಬೆಳೆದ ನಮಗೆ ಆ ಹೆಸರು ಕಂಡು ನಗು ಬಂದಿತು. 1995ರ ಕೊನೆಗೆ ಡಡ್ಲಿ ವುಡ್‌ನ ಅವರ ಕ್ರೀಡಾಂಗಣ ಕೈತಪ್ಪಿತು. ಮುಂದೆ ಅಲ್ಲಿ ಮನೆಗಳೆದ್ದವು. 1996ರಲ್ಲಿ ಸ್ಟೋಕ್‌ನಲ್ಲಿ ಒಂದು ಋತು ಆಶ್ರಯ ಪಡೆದು ತಂಡ ನಿಂತೇಹೋಯಿತು.

ಸ್ಥಾವರ, ಜಂಗಮಗಳ ಭೇದವನ್ನು ಜೀವಮಾನವೆಲ್ಲ ಬೋಧಿಸಿದ ನಾವು, ನಮ್ಮ ಹಳೆಯ ಪಾಠಶಾಲೆಯ ಕಟ್ಟಡವನ್ನು ಕೆಡವಿದ ದಿನ ಪ್ರಸಾದ ಮುಟ್ಟಿರಲಿಲ್ಲ. ಆ ಅಭಿಮಾನಿಗಳಾದರೋ ಹದಿನಾಲ್ಕು ವರ್ಷ ಹೆಸರನ್ನು ಜೀವಂತವಾಗಿಟ್ಟರು. 2010ರಲ್ಲಿ ತಂಡ ಡಡ್ಲಿ ಹೀತನ್ಸ್ ಎಂದು, ಎಳೆಯ ಸವಾರರು ಪಳಗುವ ಮೂರನೆಯ ದರ್ಜೆಯ ನ್ಯಾಷನಲ್ ಲೀಗಿಗೆ ಮರಳಿತು. ಸ್ವಂತ ಅಂಗಳವಿಲ್ಲ, ಹಳೆಯ ಎದುರಾಳಿ ಊರಾದ ವುಲ್ವರ್‌ಹ್ಯಾಂಪ್ಟನ್‌ನ ಮಾನ್‌ಮೋರ್ ಗ್ರೀನ್‌ನಲ್ಲಿಯೇ ತವರಿನ ಪಂದ್ಯಗಳನ್ನು ಆಡಬೇಕಾಯಿತು! ಆ ಎರವಲು ನೆಲದಿಂದಲೇ 2013ರ ಋತುವಿನಲ್ಲಿ ಲೀಗನ್ನು ಗೆದ್ದರು.

2023ರಲ್ಲಿ ಮಾನ್‌ಮೋರ್‌ನಲ್ಲಿಯೂ ಸ್ಪೀಡ್‌ವೇ ನಿಂತಿತು. ಅದನ್ನು ಓದಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಹತ್ತಲಿಲ್ಲ.